ದುಡಿಮೆಯ ಒತ್ತಡ: ಕೋಲಾರ ಸೀಮೆಯ ಮಹಿಳಾ ಉದ್ಯಮಿಗಳು ನಿಭಾಯಿಸುವ ಬಗೆ



ನಿಮ್ಮ ಶಾಲೆಯ ಎದುರು ಬೆಳಗಿನ ಹೊತ್ತು ಇಡ್ಲಿ ಮಾರುವ ತಾಯಿಯೊಬ್ಬರಿರಬಹುದು. ಬೀದಿಯ ಕೊನೆಯಲ್ಲಿ ಹೊಲಿಗೆಯಂಗಡಿ ಇಟ್ಟುಕೊಂಡ ಅಕ್ಕ ಇರಬಹುದು. ಎರಡು ಹಸು ಕಟ್ಟಿ ಡೇರಿಗೆ ಹಾಲು ಹಾಕುವವರು, ಬೇಸಿಗೆಯಲ್ಲಿ ಉಪ್ಪಿನಕಾಯಿ ಹಾಕಿ ಅಂಗಡಿಗಳಿಗೆ ಕೊಡುವವರು ನಿಮ್ಮ ತಾಯಿಯೇ ಆಗಿರಬಹುದು. ಇವರನ್ನು ನೀವು ಎಂದಾದರೂ ‘ಉದ್ಯಮಿ’ ಎಂದು ಕರೆದದ್ದುಂಟೆ? ಬಹುಶಃ ಇಲ್ಲ. ಆ ಮಾತು ಕೇಳಿದೊಡನೆ ನಮ್ಮ ಕಣ್ಣ ಮುಂದೆ ಬರುವುದು ಗಾಜಿನ ಕೋಣೆ, ಸುತ್ತುವ ಕುರ್ಚಿ, ಮೇಜಿನ ಮೇಲೆ ಮೂರು ದೂರವಾಣಿ. ಈ ಚಿತ್ರವನ್ನು ನಿಮ್ಮ ತಲೆಯಲ್ಲಿ ತುಂಬಿದವರಲ್ಲಿ ದೂರದರ್ಶನದವರಾದ ನಾವೂ ಸೇರಿದ್ದೇವೆ ಎಂದು ಒಪ್ಪಿಕೊಳ್ಳಬೇಕು.

ಲೆಕ್ಕ ಬೇರೆಯದನ್ನೇ ಹೇಳುತ್ತದೆ. 2013ರಲ್ಲಿ ನಡೆದ ಆರನೆಯ ಆರ್ಥಿಕ ಗಣತಿಯ ಪ್ರಕಾರ ಭಾರತದಲ್ಲಿ ಮಹಿಳೆಯರ ಒಡೆತನದ ಉದ್ದಿಮೆಗಳು ಸುಮಾರು 80 ಲಕ್ಷ. ಅವುಗಳ ಪೈಕಿ ನೂರಕ್ಕೆ 80ಕ್ಕೂ ಹೆಚ್ಚು ಕಡೆಗಳಲ್ಲಿ ಸಂಬಳದ ಆಳೇ ಇರಲಿಲ್ಲ. ಅಂದರೆ ಒಡತಿಯೂ ಅವಳೇ, ಕೆಲಸದವಳೂ ಅವಳೇ, ಲೆಕ್ಕ ಬರೆಯುವವಳೂ ಅವಳೇ, ಸಾಲ ಕೊಟ್ಟವರು ಬಂದಾಗ ಬಾಗಿಲು ತೆರೆಯುವವಳೂ ಅವಳೇ. ದೊಡ್ಡ ಕಂಪೆನಿಯಲ್ಲಿ ಐದಾರು ಮಂದಿಗೆ ಹಂಚಿಹೋಗುವ ಚಿಂತೆ ಇಲ್ಲಿ ಒಂದೇ ತಲೆಯ ಮೇಲಿದೆ.

ಇಂಥವರು ದುಡಿಮೆಯ ಒತ್ತಡವನ್ನು ಹೇಗೆ ನಿಭಾಯಿಸುತ್ತಾರೆ ಎಂಬ ಬಗ್ಗೆ ಸಂವಾದ ಕಾರ್ಯಕ್ರಮವೊಂದನ್ನು ರೂಪಿಸಲು ನಾವು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಕೆಲವು ದಿನ ತಿರುಗಿದೆವು. ಅಲ್ಲಿ ಕಂಡದ್ದನ್ನೂ, ಅದರ ಹಿಂದಿರುವ ವಿಜ್ಞಾನವನ್ನೂ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಹೇಳಲಾಗದೆ ಉಳಿದದ್ದೇ ಹೆಚ್ಚು.

ನಾವೇ ಒತ್ತಡವಾದದ್ದು

ಮೊದಲಿಗೆ ನಮ್ಮದೇ ಒಂದು ಎಡವಟ್ಟು. ಮುಳಬಾಗಿಲಿನಲ್ಲಿ ದೋಸೆ ಅಂಗಡಿ ನಡೆಸುವ ಮಹಿಳೆಯೊಬ್ಬರ ಚಿತ್ರೀಕರಣಕ್ಕೆ ಮಧ್ಯಾಹ್ನ ಮೂರು ಗಂಟೆಗೆ ಹೋದೆವು. ಮುಳಬಾಗಿಲು ದೋಸೆಯ ಹೆಸರನ್ನು ನೀವು ಕೇಳಿರುತ್ತೀರಿ. ದಪ್ಪವಾಗಿ, ಅಂಚು ಗರಿಗರಿಯಾಗಿ, ತುಪ್ಪದ ಘಮದೊಂದಿಗೆ ಬರುವ ದೋಸೆ. ಬೆಳಕು ಸರಿಯಿಲ್ಲವೆಂದು ಒಮ್ಮೆ, ಲಾರಿಯ ಸದ್ದು ಬಂತೆಂದು ಮತ್ತೊಮ್ಮೆ, ಹೀಗೆ ಒಂದೇ ದೋಸೆಯನ್ನು ಏಳು ಸಲ ಹುಯ್ಯಿಸಿದೆವು. ‘ನಿಮಗೆ ಒತ್ತಡವಾದಾಗ ಏನು ಮಾಡುತ್ತೀರಿ?’ ಎಂದು ಕೇಳಿದೆ. ಆಕೆ ಒಮ್ಮೆ ಹಿಟ್ಟಿನ ಪಾತ್ರೆಯನ್ನೂ ಒಮ್ಮೆ ನಮ್ಮ ದೀಪಗಳನ್ನೂ ನೋಡಿ, ‘ಈಗ ಏನು ಮಾಡ್ತಾ ಇದೀನೋ ಅದನ್ನೇ’ ಎಂದರು.

ಅವರ ಮಾತಿನ ಅರ್ಥ ನನಗೆ ಹೊಳೆದದ್ದು ಸಂಜೆ. ಉದ್ದು ಅಕ್ಕಿಯ ಹಿಟ್ಟು ಹುದುಗುವುದೆಂದರೆ ಅದರೊಳಗಿನ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಆಮ್ಲವಾಗಿಯೂ ಇಂಗಾಲದ ಡೈ ಆಕ್ಸೈಡ್ ಆಗಿಯೂ ಪರಿವರ್ತಿಸುವುದು. ಆ ಜೀವಿಗಳಿಗೆ ಕ್ಯಾಮೆರಾ ಗೊತ್ತಿಲ್ಲ. ನಮ್ಮ ದೀಪಗಳ ಶಾಖಕ್ಕೆ ಅವು ಇನ್ನಷ್ಟು ಚುರುಕಾದವು. ಸಂಜೆಯ ವ್ಯಾಪಾರಕ್ಕೆ ಇಟ್ಟಿದ್ದ ಹಿಟ್ಟು ಆರು ಗಂಟೆಗೇ ಹುಳಿಯಾಗಿತ್ತು. ಒತ್ತಡದ ಬಗ್ಗೆ ಕಾರ್ಯಕ್ರಮ ಮಾಡಲು ಹೋದ ನಾವೇ ಆಕೆಗೆ ಅಂದಿನ ಒತ್ತಡವಾಗಿದ್ದೆವು. ಹಿಟ್ಟಿನ ಬೆಲೆ ಕೊಟ್ಟೆವೆನ್ನಿ. ಆದರೆ ಬರಿಗೈಯಲ್ಲಿ ಹಿಂತಿರುಗಿದ ಗಿರಾಕಿಗಳ ಬೆಲೆಯನ್ನು ಕಟ್ಟಿಕೊಡಲು ನಮ್ಮಲ್ಲಿ ಯಾವ ರಸೀತಿ ಪುಸ್ತಕವೂ ಇರಲಿಲ್ಲ.

ಇನ್ನೊಂದು ವಿಷಯವನ್ನೂ ಅಂದು ಕಲಿತೆ. ‘ಒತ್ತಡ’ ಎಂಬುದು ನಮ್ಮ ಸ್ಟುಡಿಯೋದ ಪದ. ಆ ಕಡೆಯ ಹೆಂಗಸರು ‘ಟೆನ್ಷನ್ನು’ ಎನ್ನುತ್ತಾರೆ, ‘ತಲೆಬಿಸಿ’ ಎನ್ನುತ್ತಾರೆ. ಹೆಚ್ಚಿನವರು ಮೈಯ ಭಾಷೆಯಲ್ಲೇ ಹೇಳುತ್ತಾರೆ: ಎದೆ ಭಾರ, ಕತ್ತು ಹಿಡಿದುಕೊಂಡಿದೆ, ರಾತ್ರಿ ಮೂರು ಗಂಟೆಗೇ ಎಚ್ಚರವಾಗುತ್ತದೆ. ಮನಸ್ಸಿನ ಮಾತನ್ನು ಮೈಯ ಮೂಲಕ ಹೇಳುವುದನ್ನು ಅಜ್ಞಾನವೆಂದು ತಿಳಿಯಬೇಡಿ. ವಿಜ್ಞಾನ ಈ ವಿಷಯದಲ್ಲಿ ಅವರ ಕಡೆಗಿದೆ.

ದೇಹದಲ್ಲಿ ಏನಾಗುತ್ತದೆ?

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಅಪಾಯದ ಸಮಯದಲ್ಲಿ ಪ್ರಾಣಿಗಳ ದೇಹ ಹೇಗೆ ವರ್ತಿಸುತ್ತದೆ ಎಂಬುದನ್ನು ಅಭ್ಯಾಸ ಮಾಡಿದರು. ನಾಯಿ ಬೊಗಳುತ್ತ ಅಟ್ಟಿಸಿಕೊಂಡು ಬಂದಾಗ ನಿಮಗೇನಾಗುತ್ತದೆ? ಎದೆ ಡವಡವ ಎನ್ನುತ್ತದೆ, ಬಾಯಿ ಒಣಗುತ್ತದೆ, ಕಾಲಿಗೆ ಎಲ್ಲಿಲ್ಲದ ಶಕ್ತಿ ಬರುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುವುದರಿಂದ ಹೀಗಾಗುತ್ತದೆ. ಹೋರಾಡು ಇಲ್ಲವೇ ಓಡು ಎಂಬ ಸಿದ್ಧತೆ ಇದು. 1936ರಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಮುಂದಿನ ಹೆಜ್ಜೆ ಇಟ್ಟರು. ಚಳಿಯಾಗಲಿ, ಗಾಯವಾಗಲಿ, ವಿಷವಾಗಲಿ, ಕಾರಣ ಯಾವುದೇ ಇದ್ದರೂ ಬಹುಕಾಲ ಎಳೆದಾಡಿದರೆ ದೇಹ ಒಂದೇ ಬಗೆಯಲ್ಲಿ ದಣಿಯುತ್ತದೆ ಎಂಬುದನ್ನು ಅವರು ಇಲಿಗಳಲ್ಲಿ ಕಂಡರು.

ಇದರ ಹಿಂದಿರುವ ಸರಪಳಿಯನ್ನು ಈಗ ನಾವು ಬಲ್ಲೆವು. ಮಿದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸಂದೇಶ ಕಳಿಸುತ್ತದೆ. ಅದು ಅಡ್ರಿನಲ್ ಗ್ರಂಥಿಯ ಹೊರಪದರಕ್ಕೆ ತಿಳಿಸುತ್ತದೆ. ಅಲ್ಲಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ಹೊರಡುತ್ತದೆ. ಯಕೃತ್ತು ಸಕ್ಕರೆಯನ್ನು ತಯಾರಿಸಿ ರಕ್ತಕ್ಕೆ ಬಿಡುವಂತೆ ಮಾಡುವುದು ಕಾರ್ಟಿಸಾಲಿನ ಕೆಲಸಗಳಲ್ಲೊಂದು. ಅಪಾಯ ಕಳೆದ ಮೇಲೆ ಇದು ಇಳಿಯಬೇಕು. ನಾಯಿ ಹಿಂತಿರುಗಿತು, ನೀವು ಜಗಲಿಯ ಮೇಲೆ ಕುಳಿತಿರಿ, ನೀರು ಕುಡಿದಿರಿ, ನಕ್ಕಿರಿ. ಅಲ್ಲಿಗೆ ಮುಗಿಯಿತು.

ತಿಂಗಳ ಕಂತು ಹಾಗೆ ಹಿಂತಿರುಗುವ ನಾಯಿಯಲ್ಲ. ಅದು ಪ್ರತಿ ತಿಂಗಳೂ ಬರುತ್ತದೆ. ಟೊಮೆಟೊ ಬೆಲೆಯ ಚಿಂತೆ ಮಲಗುವಾಗಲೂ ಜೊತೆಗಿರುತ್ತದೆ. ಕಾರ್ಟಿಸಾಲ್ ಇಳಿಯಬೇಕಾದ ಹೊತ್ತಿನಲ್ಲಿ ಇಳಿಯದಿದ್ದರೆ ನಿದ್ರೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ, ಜೀರ್ಣಶಕ್ತಿ ಕುಂದುತ್ತದೆ, ರೋಗನಿರೋಧಕ ಶಕ್ತಿ ತಗ್ಗುತ್ತದೆ, ನೆನಪು ಮಸುಕಾಗುತ್ತದೆ.

ಕೋಲಾರದವರಿಗೆ ಇದನ್ನು ಕೊಳವೆಬಾವಿಯ ಉದಾಹರಣೆಯಿಂದ ವಿವರಿಸುವುದು ಸುಲಭ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ಜಿಲ್ಲೆಯಲ್ಲಿ ಸಾವಿರ ಅಡಿಗೂ ಆಳಕ್ಕೆ ಕೊರೆದ ಬಾವಿಗಳಿವೆ. ಮೋಟಾರನ್ನು ಎರಡು ಗಂಟೆ ಓಡಿಸಿ ನಿಲ್ಲಿಸಿದರೆ ಬಾವಿಯಲ್ಲಿ ನೀರು ಮತ್ತೆ ಕೂಡುತ್ತದೆ. ನಿಲ್ಲಿಸದೆ ಓಡಿಸಿದರೆ ಬರುವುದು ಗಾಳಿ, ಆಮೇಲೆ ಸುಟ್ಟ ಮೋಟಾರಿನ ವಾಸನೆ. ಎಷ್ಟು ನೀರೆತ್ತಿದಿರಿ ಎಂಬುದರಷ್ಟೇ ಮುಖ್ಯ, ನಡುವೆ ಎಷ್ಟು ಹೊತ್ತು ನಿಲ್ಲಿಸಿದಿರಿ ಎಂಬುದು.

ಕೆಲಸ ಹೆಚ್ಚೋ, ಹಿಡಿತ ಕಡಿಮೆಯೋ?

ಇಲ್ಲಿ ನಿಮಗೊಂದು ಪ್ರಶ್ನೆ. ಹೆಚ್ಚು ಕೆಲಸ ಮಾಡುವವರಿಗೇ ಹೆಚ್ಚು ಒತ್ತಡವೇ? ಹಾಗಿದ್ದರೆ ಹಬ್ಬದ ದಿನ ಬೆಳಗಿನಿಂದ ರಾತ್ರಿಯವರೆಗೆ ದುಡಿದವರು ನಗುನಗುತ್ತ ಮಲಗುವುದೇಕೆ?

1979ರಲ್ಲಿ ರಾಬರ್ಟ್ ಕರಾಸೆಕ್ ಎಂಬ ಸಂಶೋಧಕರು ಕೆಲಸದ ಒತ್ತಡವನ್ನು ಎರಡು ಅಳತೆಗೋಲಿನಿಂದ ನೋಡಬೇಕೆಂದರು: ಕೆಲಸ ನಮ್ಮಿಂದ ಎಷ್ಟನ್ನು ಕೇಳುತ್ತದೆ ಎಂಬುದು ಒಂದು, ಆ ಕೆಲಸವನ್ನು ಹೇಗೆ, ಯಾವಾಗ ಮಾಡಬೇಕೆಂಬ ತೀರ್ಮಾನ ನಮ್ಮ ಕೈಯಲ್ಲಿ ಎಷ್ಟಿದೆ ಎಂಬುದು ಇನ್ನೊಂದು. ಕೇಳಿಕೆ ಹೆಚ್ಚಿದ್ದು ಹಿಡಿತ ಕಡಿಮೆಯಿದ್ದಲ್ಲಿ ಮನುಷ್ಯ ಬಳಲುತ್ತಾನೆ ಎಂಬುದು ಅವರ ವಾದ. ಸ್ವಂತ ಉದ್ಯೋಗ ಮಾಡುವವರಿಗೆ ಹಿಡಿತ ಹೆಚ್ಚೆಂದು ಮೇಲ್ನೋಟಕ್ಕೆ ಅನ್ನಿಸುತ್ತದೆ, ಮೇಲಧಿಕಾರಿ ಇಲ್ಲವಲ್ಲ! ನಾಲ್ಕು ತಾಲ್ಲೂಕುಗಳಲ್ಲಿ ತಿರುಗಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಇಲ್ಲಿ ಮೇಲಧಿಕಾರಿಗಳು ಅನೇಕರು. ಅವರಿಗೆ ಮುಖವಿಲ್ಲ, ಅಷ್ಟೆ.

ಶ್ರೀನಿವಾಸಪುರವನ್ನೇ ನೋಡಿ. ಇದು ಮಾವಿನ ಊರು. ಮಾವು ಒಂದು ವರ್ಷ ಚೆನ್ನಾಗಿ ಬಿಟ್ಟರೆ ಮರುವರ್ಷ ಕೈಕೊಡುವ ಸ್ವಭಾವದ ಬೆಳೆ. ಉಪ್ಪಿನಕಾಯಿ ಹಾಕುವ ಮಹಿಳೆ ಬೇಸಿಗೆಯ ಕೆಲವೇ ವಾರಗಳಲ್ಲಿ ಕಾಯಿ, ಎಣ್ಣೆ, ಉಪ್ಪು, ಖಾರದ ಪುಡಿ, ಜಾಡಿ ಎಲ್ಲಕ್ಕೂ ಹಣ ಸುರಿಯಬೇಕು. ಆ ಹಣ ಚೂರುಚೂರಾಗಿ ಹಿಂದಿರುಗುವುದು ವರ್ಷದುದ್ದಕ್ಕೂ. ತೋಟವಿದ್ದವರಿಗೆ ಇನ್ನೊಂದು ತಲೆನೋವು. ಇಲ್ಲಿನ ತೋತಾಪುರಿಗೆ ಗಡಿಯಾಚೆಯ ಆಂಧ್ರದ ಚಿತ್ತೂರು ಸೀಮೆಯ ರಸದ ಕಾರ್ಖಾನೆಗಳೇ ದೊಡ್ಡ ಗಿರಾಕಿ. 2025ರ ಜೂನ್‌ನಲ್ಲಿ ಬೆಲೆ ಕುಸಿದಾಗ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಒಳಗೆ ಬರದಂತೆ ತಡೆಯಿತು. ಎರಡು ರಾಜ್ಯಗಳ ನಡುವೆ ಪತ್ರವ್ಯವಹಾರ ನಡೆಯಿತು, ಸರ್ಕಾರ ಬೆಲೆ ವ್ಯತ್ಯಾಸ ತುಂಬಿಕೊಡುವ ಯೋಜನೆ ತಂದಿತು. ಆ ಹೊತ್ತಿಗೆ ಕಾಯಿ ಹಣ್ಣಾಗುತ್ತಲೇ ಇತ್ತು. ಶ್ರೀನಿವಾಸಪುರದ ಮಹಿಳೆಯೊಬ್ಬಳು ಎಷ್ಟು ಬೇಗ ಏಳಲಿ, ಎಷ್ಟು ಚೆನ್ನಾಗಿ ದುಡಿಯಲಿ, ಗಡಿಯ ಗೇಟು ಅವಳ ಕೈಯಲ್ಲಿಲ್ಲ.

ಕೋಲಾರದ ಟೊಮೆಟೊ ಕಥೆಯೂ ಇದೇ. 2023ರ ಜುಲೈನಲ್ಲಿ ಇಲ್ಲಿನ ಮಾರುಕಟ್ಟೆಯಲ್ಲಿ 15 ಕೆ.ಜಿ. ಪೆಟ್ಟಿಗೆಯೊಂದು 2,000 ರೂಪಾಯಿ ದಾಟಿತ್ತು. ಬೆಳೆದವರು ನಕ್ಕರು, ಟೊಮೆಟೊ ಕೊಂಡು ಸಾರು, ಚಟ್ನಿ, ಗೊಜ್ಜು ಮಾಡಿ ಮಾರುವ ಸಣ್ಣ ಊಟದ ಮನೆಯವರು ಕಂಗಾಲಾದರು. ಕೆಲವೇ ತಿಂಗಳಲ್ಲಿ ಬೆಲೆ ನೆಲಕ್ಕೆ ಬಿತ್ತು; ಆಗ ನಗು ಅಳು ಎರಡೂ ಜಾಗ ಬದಲಿಸಿದವು.

ಮಾಲೂರು ಇಟ್ಟಿಗೆ ಹೆಂಚುಗಳಿಗೆ ಹೆಸರಾದ ಊರು. ಬೆಂಗಳೂರಿಗೆ ರೈಲಿನ ನಂಟಿದೆ, ಕೈಗಾರಿಕಾ ಪ್ರದೇಶವೂ ಇದೆ. ಕಾರ್ಖಾನೆಯವರಿಗೆ ಊಟ ಕಟ್ಟಿಕೊಡುವ, ಹೊಲಿಗೆಯ ಕೆಲಸವನ್ನು ತುಂಡು ಲೆಕ್ಕದಲ್ಲಿ ತಂದು ಮಾಡುವ ಮಹಿಳೆಯರಿಗೆ ಅಲ್ಲಿ ಅವಕಾಶ ಹೆಚ್ಚು. ಆದರೆ ಕೆಲಸ ಕೊಡುವವನು ಇಂದು ರಾತ್ರಿ ಹೇಳಿ ನಾಳೆ ಬೆಳಿಗ್ಗೆ ಕೇಳುತ್ತಾನೆ, ಹಣವನ್ನು ಮಾತ್ರ ಮುಂದಿನ ತಿಂಗಳು ಕೊಡುತ್ತಾನೆ.

ಎರಡು ಗಡಿಯಾರಗಳು

ಇವೆಲ್ಲ ಪುರುಷ ಉದ್ಯಮಿಗೂ ಇರುವ ಕಷ್ಟಗಳೇ ತಾನೆ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಗಡಿಯಾರದಲ್ಲಿದೆ.

ಜನರು ದಿನದ 24 ಗಂಟೆಗಳನ್ನು ಹೇಗೆ ಕಳೆಯುತ್ತಾರೆಂದು ತಿಳಿಯಲು ಭಾರತ ಸರ್ಕಾರ 2019ರಲ್ಲೂ 2024ರಲ್ಲೂ ಸಮಯ ಬಳಕೆ ಸಮೀಕ್ಷೆ ನಡೆಸಿತು. 2024ರ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷವನ್ನೂ, ಗಂಡಸರು 88 ನಿಮಿಷವನ್ನೂ ಅದಕ್ಕೆ ಕೊಡುತ್ತಿದ್ದರು. ಐದು ವರ್ಷದ ಹಿಂದೆ ಇದು ಹೆಂಗಸರಿಗೆ 299, ಗಂಡಸರಿಗೆ 97 ಇತ್ತು. ಹೆಂಗಸರಿಗೆ ಹತ್ತು ನಿಮಿಷ ಉಳಿಯಿತೆಂದು ಸಂತೋಷಪಡುವಷ್ಟರಲ್ಲಿ ಗಂಡಸರೂ ಒಂಬತ್ತು ನಿಮಿಷ ಉಳಿಸಿಕೊಂಡಿರುವುದನ್ನು ಗಮನಿಸಿ!

289 ನಿಮಿಷ ಎಂದರೆ ಐದು ಗಂಟೆಗೆ ಹನ್ನೊಂದು ನಿಮಿಷ ಕಡಿಮೆ. ಅಂಗಡಿ ಮುಚ್ಚಿದ ಮೇಲೆ ಅಥವಾ ತೆರೆಯುವ ಮೊದಲು ಈ ಐದು ಗಂಟೆ ಬರಬೇಕು. ಹಾಗಾಗಿ ಬಹುಪಾಲು ಮಹಿಳಾ ಉದ್ಯಮಿಗಳಿಗೆ ಮೋಟಾರು ನಿಲ್ಲಿಸುವ ಹೊತ್ತೇ ಇಲ್ಲ. ಇದರೊಂದಿಗೆ ಇನ್ನೊಂದು ಸೂಕ್ಷ್ಮವಿದೆ. ಮನೆಗೆ ಅತಿಥಿ ಬಂದರೆ ಗಂಡನ ಅಂಗಡಿ ತೆರೆದಿರುತ್ತದೆ, ಹೆಂಡತಿಯ ಅಂಗಡಿ ಮುಚ್ಚುತ್ತದೆ. ಮಗುವಿಗೆ ಜ್ವರ ಬಂದರೂ ಹಾಗೆಯೇ. ಅವಳ ದುಡಿಮೆಯನ್ನು ಮನೆಯವರು ‘ಬಿಡುವಿದ್ದಾಗ ಮಾಡುವ ಕೆಲಸ’ ಎಂದು ಎಣಿಸುವುದೇ ಅವಳ ಒತ್ತಡದ ದೊಡ್ಡ ಪಾಲು ಎಂದು ನನಗೆ ಅನ್ನಿಸುತ್ತದೆ. ಇದನ್ನು ಪ್ರಾಣಾಯಾಮದಿಂದ ಸರಿಪಡಿಸಲಾಗದು.

ಸಂಘದ ಬಲ, ಸಂಘದ ಭಾರ

ಹಾಗಾದರೆ ಅವರು ಹೇಗೆ ನಿಭಾಯಿಸುತ್ತಾರೆ? ಎಲ್ಲ ಕಡೆ ನಮಗೆ ಮೊದಲು ಸಿಕ್ಕ ಉತ್ತರ ಒಂದೇ: ‘ಸಂಘ ಇದೆಯಲ್ಲ.’

ಸ್ವಸಹಾಯ ಸಂಘಗಳ ಚರಿತ್ರೆಯಲ್ಲಿ ಕೋಲಾರ ಜಿಲ್ಲೆಗೆ ವಿಶೇಷ ಸ್ಥಾನವಿದೆ. 1980ರ ದಶಕದ ನಡುಭಾಗದಲ್ಲಿ ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಇಂಥ ಸಣ್ಣ ಗುಂಪುಗಳನ್ನು ಬೆಳೆಸತೊಡಗಿತು. ಈ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನ ಹಳ್ಳಿಗಳ ಮಹಿಳಾ ಸಂಘಗಳಿಗೆ 1991ರ ಡಿಸೆಂಬರ್‌ನಲ್ಲಿ ವೈಶ್ಯ ಬ್ಯಾಂಕಿನ ಬಂಗಾರಪೇಟೆ ಶಾಖೆ ನೇರವಾಗಿ ಸಾಲ ಕೊಟ್ಟಿತು. ದೇಶದಲ್ಲೇ ಇಂಥ ಮೊದಲ ಕೆಲವು ಸಾಲಗಳಲ್ಲಿ ಇವೂ ಸೇರಿವೆ. ಅಡವಿಡಲು ಜಮೀನಿಲ್ಲದ ಹೆಂಗಸರಿಗೆ, ಅವರು ತಾವೇ ಉಳಿಸಿ ತಾವೇ ಬರೆದಿಟ್ಟ ಲೆಕ್ಕವನ್ನು ನಂಬಿ ಬ್ಯಾಂಕು ಹಣ ಕೊಟ್ಟಿತೆಂಬುದು ಆ ಕಾಲಕ್ಕೆ ಸಣ್ಣ ಸಂಗತಿಯಾಗಿರಲಿಲ್ಲ. 1992ರಲ್ಲಿ ನಬಾರ್ಡ್ ಇದನ್ನು ದೇಶಮಟ್ಟದ ಪ್ರಯೋಗವಾಗಿ ಕೈಗೆತ್ತಿಕೊಂಡಿತು. ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದದ್ದು 2000ದಲ್ಲಿ.

ಸಂಘದ ಸಭೆಯಲ್ಲಿ ಕುಳಿತು ನೋಡಿದರೆ ಹಣದ ವ್ಯವಹಾರ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಮಾತು ಒಂದೂವರೆ ಗಂಟೆ ನಡೆಯುತ್ತದೆ. ಯಾರ ಹಸು ಕರು ಹಾಕಿತು, ಯಾರ ಗಂಡ ಕುಡಿತ ಬಿಟ್ಟ, ಯಾವ ಅಂಗಡಿಯವನು ಹಳೆಯ ಬಾಕಿ ಕೊಡಲಿಲ್ಲ. ಇದು ಹರಟೆಯಲ್ಲವೇ ಎಂದು ಮೂಗು ಮುರಿಯುವವರಿದ್ದಾರೆ. 2000ದಲ್ಲಿ ಶೆಲ್ಲಿ ಟೇಲರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಸಂಗಡಿಗರು ಒಂದು ಸ್ವಾರಸ್ಯದ ವಿಚಾರ ಮಂಡಿಸಿದರು. ಹೋರಾಡು ಇಲ್ಲವೇ ಓಡು ಎಂಬುದಷ್ಟೇ ಒತ್ತಡಕ್ಕೆ ಉತ್ತರವಲ್ಲ. ಎಳೆಯರನ್ನು ಪೊರೆಯುವುದು, ಗೆಳತಿಯರೊಂದಿಗೆ ಗುಂಪುಗೂಡುವುದು ಕೂಡ ಒಂದು ಜೈವಿಕ ಉತ್ತರ, ಅದು ಹೆಂಗಸರಲ್ಲಿ ಹೆಚ್ಚು ಎಂದರು. ಅವರ ವಿವರಣೆಯ ಎಲ್ಲ ಅಂಶಗಳನ್ನೂ ಎಲ್ಲ ವಿಜ್ಞಾನಿಗಳೂ ಒಪ್ಪಿದ್ದಾರೆಂದಲ್ಲ. ನಂಬಿದವರೊಂದಿಗೆ ಮಾತಾಡಿದಾಗ ಮೈಯ ಗಾಬರಿ ಇಳಿಯುತ್ತದೆ ಎಂಬ ಮಟ್ಟಿಗೆ ಮಾತ್ರ ಒಮ್ಮತವಿದೆ.

ಆದರೆ ಸಂಘ ಎಂಬ ಹೆಸರಿನಲ್ಲಿ ನಡೆಯುವುದೆಲ್ಲ ಒಂದೇ ಅಲ್ಲ. ತಮ್ಮದೇ ಉಳಿತಾಯದಿಂದ ಬೆಳೆದ ಗುಂಪು ಬೇರೆ; ಖಾಸಗಿ ಕಿರುಸಾಲ ಕಂಪೆನಿಯೊಂದು ಸಾಲ ಕೊಡುವುದಕ್ಕೆಂದೇ ಐದಾರು ಮಂದಿಯನ್ನು ಸೇರಿಸಿದ ಗುಂಪು ಬೇರೆ. ಎರಡನೆಯದರಲ್ಲಿ ಒಬ್ಬಳು ಕಂತು ತಪ್ಪಿದರೆ ಉಳಿದವರು ಕಟ್ಟಬೇಕು. ಆಗ ನಿನ್ನೆಯ ಗೆಳತಿಯೇ ಇಂದು ಮನೆಯ ಮುಂದೆ ನಿಂತು ಹಣ ಕೇಳುತ್ತಾಳೆ. ಒಂದು ಸಾಲ ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು ಎಂದು ಸರಪಳಿ ಬೆಳೆಯುತ್ತದೆ. 2009ರಲ್ಲಿ ಕೋಲಾರವೂ ಸೇರಿದಂತೆ ದಕ್ಷಿಣ ಕರ್ನಾಟಕದ ಕೆಲವು ಪಟ್ಟಣಗಳಲ್ಲಿ ಕಿರುಸಾಲದ ಮರುಪಾವತಿ ದೊಡ್ಡ ಪ್ರಮಾಣದಲ್ಲಿ ನಿಂತೇಹೋಗಿತ್ತು. ಒಬ್ಬರಿಗೇ ಹಲವು ಕಂಪೆನಿಗಳು ಸಾಲ ಕೊಟ್ಟದ್ದು, ಅದೇ ಸಮಯಕ್ಕೆ ರೇಷ್ಮೆ ನೂಲು ಬಿಚ್ಚುವ ಕಸುಬು ಸೊರಗಿದ್ದು ಅದರ ಕಾರಣಗಳಲ್ಲಿ ಸೇರಿದ್ದವು. ಆಮೇಲೆ ನಿಯಮಗಳು ಬಂದವು. ಕುಟುಂಬವೊಂದು ತೀರಿಸಬೇಕಾದ ತಿಂಗಳ ಕಂತುಗಳು ಅದರ ಆದಾಯದ ಅರ್ಧವನ್ನು ಮೀರುವಂತೆ ಕಿರುಸಾಲ ಕೊಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿತು. ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು ಕಾನೂನು ಮಾಡಿತು.

ನೀವು ಕಾಲೇಜು ವಿದ್ಯಾರ್ಥಿಗಳಾಗಿದ್ದರೆ ಒಂದು ಕೆಲಸ ಮಾಡಬಹುದು. ಮನೆಯವರು ಸಾಲಪತ್ರಕ್ಕೆ ಸಹಿ ಹಾಕುವ ಮೊದಲು ಅದನ್ನು ಗಟ್ಟಿಯಾಗಿ ಓದಿ ಹೇಳಿ. ಬಡ್ಡಿ ವರ್ಷಕ್ಕೆಷ್ಟು, ಒಟ್ಟು ಎಷ್ಟು ಕಟ್ಟಬೇಕು, ಕಂತು ತಪ್ಪಿದರೆ ಏನಾಗುತ್ತದೆ, ಈ ಮೂರನ್ನು ಹುಡುಕಿ. ಹತ್ತನೇ ತರಗತಿಯ ಗಣಿತ ಸಾಕು.

ನಿಭಾಯಿಸುವ ಬಗೆಗಳು

1984ರಲ್ಲಿ ಲಾಜರಸ್ ಮತ್ತು ಫೋಕ್‌ಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒತ್ತಡವನ್ನು ನಿಭಾಯಿಸುವ ಬಗೆಗಳನ್ನು ಎರಡಾಗಿ ವಿಂಗಡಿಸಿದರು. ಸಮಸ್ಯೆಯನ್ನೇ ಹಿಡಿದು ಸರಿಪಡಿಸಲು ಹೊರಡುವುದು ಒಂದು. ಸಮಸ್ಯೆ ಹಾಗೇ ಇರಲಿ, ಅದರಿಂದಾದ ಕಳವಳವನ್ನು ತಣಿಸಿಕೊಳ್ಳುವುದು ಇನ್ನೊಂದು. ಯಾವುದು ಮೇಲು ಎಂದು ಕೇಳಬೇಡಿ. ಬದಲಿಸಲಾಗುವಂಥದ್ದಕ್ಕೆ ಮೊದಲನೆಯದು, ಬದಲಿಸಲಾಗದ್ದಕ್ಕೆ ಎರಡನೆಯದು.

ನಾವು ಕಂಡ ಮಹಿಳೆಯರು ಈ ಪುಸ್ತಕವನ್ನು ಓದಿದವರಲ್ಲ. ಆದರೆ ಅವರಲ್ಲಿ ಚೆನ್ನಾಗಿ ನಿಭಾಯಿಸುತ್ತಿದ್ದವರೆಲ್ಲ ಎಲ್ಲೋ ಒಂದು ಕಡೆ ಸ್ವಲ್ಪ ಹಿಡಿತವನ್ನು ವಾಪಸು ಪಡೆದುಕೊಂಡಿದ್ದರು. ಶ್ರೀನಿವಾಸಪುರದ ಉಪ್ಪಿನಕಾಯಿಯವರೊಬ್ಬರು ಎರಡು ಹಸು ಸಾಕಿದ್ದಾರೆ. ಡೇರಿಯಲ್ಲಿ ಹಾಲಿನ ಕೊಬ್ಬು ಮತ್ತು ಇತರ ಘನಾಂಶಗಳನ್ನು ಅಳೆದು ಬೆಲೆ ಕಟ್ಟುತ್ತಾರೆ, ಹಣ ತಪ್ಪದೆ ಬರುತ್ತದೆ. ಮಾವು ವರ್ಷಕ್ಕೊಮ್ಮೆ ಕೊಡುವುದನ್ನು ಹಾಲು ವಾರವಾರವೂ ಕೊಡುತ್ತದೆ. ಮೊತ್ತ ಚಿಕ್ಕದು, ಆದರೆ ಎಷ್ಟು ಬರುತ್ತದೆಂದು ಮೊದಲೇ ಗೊತ್ತು. ‘ಹಸು ಇರೋದ್ರಿಂದ ನಿದ್ದೆ ಬರುತ್ತೆ’ ಎಂದರು ಅವರು. ಹಸುವಿನಿಂದ ಕೆಲಸ ಹೆಚ್ಚಾಯಿತಲ್ಲವೇ ಎಂದೆ. ಕೆಲಸ ಹೆಚ್ಚಾಯಿತು, ಚಿಂತೆ ಕಡಿಮೆಯಾಯಿತು ಎಂಬುದು ಉತ್ತರ. ಕರಾಸೆಕ್ ಅವರ ಇಡೀ ಸಿದ್ಧಾಂತ ಅದರಲ್ಲಿದೆ.

ಕೋಲಾರದ ಅಂಗಡಿಯೊಂದರಲ್ಲಿ ಎರಡು ಡಬ್ಬಿಗಳು. ಒಂದು ವ್ಯಾಪಾರದ್ದು, ಇನ್ನೊಂದು ಮನೆಯದು. ಮನೆಯ ಖರ್ಚಿಗೆ ವ್ಯಾಪಾರದ ಡಬ್ಬಿಗೆ ಕೈ ಹಾಕಿದವರು ಚೀಟಿ ಬರೆದು ಹಾಕಬೇಕು, ಗಂಡನೂ ಸಹ. ಮೊದಲ ತಿಂಗಳು ಜಗಳವಾಯಿತಂತೆ. ಎರಡನೆಯ ತಿಂಗಳು ಚೀಟಿಗಳನ್ನೆಲ್ಲ ಒಟ್ಟಿಗೆ ಹರಡಿದಾಗ ಯಾರೂ ಮಾತಾಡಲಿಲ್ಲ. ಇನ್ನು ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕವನ್ನು ನೀವೆಲ್ಲ ನೋಡಿದ್ದೀರಿ. ಅದನ್ನು ನಾನು ತಮಾಷೆಯೆಂದೇ ತಿಳಿದಿದ್ದೆ. ನೆಂಟರಿಗೆ, ನೆರೆಯವರಿಗೆ ಬಾಯಿಬಿಟ್ಟು ‘ಇಲ್ಲ’ ಎನ್ನಲಾಗದ ಹೆಂಗಸಿನ ಪರವಾಗಿ ಆ ಹಲಗೆ ‘ಇಲ್ಲ’ ಎನ್ನುತ್ತದೆ. ಮಾಲೂರಿನ ಹೊಲಿಗೆಯವರೊಬ್ಬರು ಇದರ ಇನ್ನೊಂದು ರೂಪವನ್ನು ಕಂಡುಕೊಂಡಿದ್ದಾರೆ: ರಾತ್ರಿ ಎಂಟರ ಮೇಲೆ ಬಂದ ಕೆಲಸದ ಕರೆಗೆ ಬೆಳಿಗ್ಗೆಯೇ ಉತ್ತರ.

ಬದಲಿಸಲಾಗದ್ದಕ್ಕೆ ಭಜನೆ ಇದೆ, ದೇವಸ್ಥಾನವಿದೆ, ದರ್ಗಾ ಇದೆ, ಧಾರಾವಾಹಿ ಇದೆ, ಮಧ್ಯಾಹ್ನದ ಇಪ್ಪತ್ತು ನಿಮಿಷದ ನಿದ್ದೆ ಇದೆ. ಉಸಿರಾಟದ ಅಭ್ಯಾಸಕ್ಕೂ ವಿಜ್ಞಾನದ ಆಧಾರವಿದೆ. ನಿಧಾನವಾಗಿ, ದೀರ್ಘವಾಗಿ ಉಸಿರು ಬಿಟ್ಟಾಗ ವೇಗಸ್ ನರದ ಮೂಲಕ ಹೃದಯದ ಬಡಿತ ತಗ್ಗುತ್ತದೆ. ಪರೀಕ್ಷೆಯ ಮೊದಲು ನೀವೇ ನಾಡಿ ಹಿಡಿದು ಪ್ರಯೋಗ ಮಾಡಿ ನೋಡಬಹುದು.

ಕೆಲವು ರೂಢಿಗಳು ನಿಭಾಯಿಸಿದಂತೆ ತೋರಿ ಕೆಡಿಸುತ್ತವೆ. ಊಟದ ಬದಲು ಚಹಾ, ತಲೆನೋವಿಗೆ ವೈದ್ಯರನ್ನು ಕೇಳದೆ ದಿನಕ್ಕೆರಡು ಮಾತ್ರೆ, ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ತಿನ್ನುವುದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಸುಸ್ತು, ಏದುಸಿರು, ಸಿಡುಕು, ಏಕಾಗ್ರತೆಯ ಕೊರತೆ ರಕ್ತಹೀನತೆಯ ಲಕ್ಷಣಗಳೂ ಹೌದು. ಎಲ್ಲವನ್ನೂ ‘ಟೆನ್ಷನ್’ ಎಂದು ತಳ್ಳಿಹಾಕುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಎರಡು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ, ಯಾವುದರಲ್ಲೂ ಆಸೆ ಉಳಿಯದಿದ್ದರೆ, ‘ನಾನಿಲ್ಲದಿದ್ದರೇ ವಾಸಿ’ ಎಂಬ ಮಾತು ಒಮ್ಮೆ ಬಾಯಿಂದ ಬಂದರೂ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಹಣವಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಅಮ್ಮ ಮಾಡದಿದ್ದರೆ ಮನೆಯ ದೊಡ್ಡವರಿಗೆ ಹೇಳಿ ನೀವೇ ಕರೆ ಮಾಡಿ.

ಒಂದು ರೆಕಾರ್ಡ್ ಪುಸ್ತಕದ ಹಿಂಬದಿ

ಮುಳಬಾಗಿಲಿಗೆ ನಾವು ಎರಡು ತಿಂಗಳ ನಂತರ ಮತ್ತೆ ಹೋದೆವು, ಈ ಸಲ ಬೆಳಿಗ್ಗೆ, ದೀಪಗಳಿಲ್ಲದೆ. ಆ ದೋಸೆ ಅಂಗಡಿಯ ಮಹಿಳೆಗೆ ಪಿ.ಯು.ಸಿ. ವಿಜ್ಞಾನ ಓದುವ ಮಗಳಿದ್ದಾಳೆ. ಹಿಂದಿನ ಸಲ ನಾವು ಹಿಟ್ಟು ಕೆಡಿಸಿ ಹೋದ ಮೇಲೆ, ಆ ಸಂಜೆಯ ನಷ್ಟ ನಿಜಕ್ಕೂ ಎಷ್ಟು ಎಂಬ ಚರ್ಚೆ ಮನೆಯಲ್ಲಿ ನಡೆದಿತ್ತು. ಯಾರಿಗೂ ತಿಳಿದಿರಲಿಲ್ಲ. ಹುಡುಗಿ ತನ್ನ ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕದ ಹಿಂಬದಿಯಲ್ಲಿ ಎರಡು ವಾರ ಗಂಟೆಗಂಟೆಯ ವ್ಯಾಪಾರ ಬರೆದಳು: ಎಷ್ಟು ದೋಸೆ, ಎಷ್ಟು ಗ್ಯಾಸ್, ಒಲೆಯ ಮುಂದೆ ಯಾರು ನಿಂತಿದ್ದರು.

ಅಂಗಡಿ ರಾತ್ರಿ ಹತ್ತರವರೆಗೆ ತೆರೆದಿರುತ್ತಿತ್ತು. ಎಂಟೂವರೆಯ ಮೇಲೆ ಬರುತ್ತಿದ್ದ ಹಣ ಗ್ಯಾಸಿಗೂ ದೀಪಕ್ಕೂ ಹೆಚ್ಚುಕಡಿಮೆ ಸರಿಹೋಗುತ್ತಿತ್ತು. ಒಂದೂವರೆ ಗಂಟೆ ನಿಂತದ್ದಕ್ಕೆ ಅಮ್ಮನಿಗೆ ಸಿಗುತ್ತಿದ್ದದ್ದು ಕಾಲುನೋವು. ಈಗ ಎಂಟೂವರೆಗೆ ಬಾಗಿಲು ಹಾಕುತ್ತಾರೆ. ಪಕ್ಕದ ಅಂಗಡಿ ತೆರೆದಿರುವಾಗ ನಮ್ಮದು ಮುಚ್ಚುವುದೇ ಎಂದು ತಂದೆ ಒಂದು ವಾರ ಮುನಿಸಿಕೊಂಡಿದ್ದರಂತೆ. ತಡವಾಗಿ ಬರುತ್ತಿದ್ದವರಲ್ಲಿ ಕೆಲವರು ಬೇಗ ಬರತೊಡಗಿದರು, ಕೆಲವರು ಪಕ್ಕದ ಅಂಗಡಿಗೆ ಹೋದರು.

ಉಳಿದ ಒಂದೂವರೆ ಗಂಟೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆ. ಟಿ.ವಿ. ನೋಡುತ್ತೇನೆ ಎಂದರು. ನನಗೆ ಸಂತೋಷವಾಯಿತು, ನಮ್ಮ ಕಾರ್ಯಕ್ರಮ ಯಾವುದು ಹಿಡಿಸಿತು ಎಂದೆ. ‘ಅಯ್ಯೋ, ನಿಮ್ಮದಲ್ಲ ಸಾರ್’ ಎಂದು ನಕ್ಕು, ಕಾವಲಿಯ ಮೇಲೆ ನೀರು ಚಿಮುಕಿಸಿದರು.